ಎಫ್‌ಮಾಡ್, ರಿಮೇಂಡರ್, ರೆಮ್‌ಕ್ವೋ: ದಶಾಂಶದ ಶೇಷ ತೆಗೆಯೋ ಮೂರು ಸಿ ಫಂಕ್ಷನ್‌ಗಳ ರಿವ್ಯೂ

ಫೋನ್ ರಿವ್ಯೂ, ಲ್ಯಾಪ್‌ಟಾಪ್ ರಿವ್ಯೂ ಬರೆಯೋಕೆ ಜನ ಸಾಲುಗಟ್ಟಿ ನಿಂತಿದಾರೆ, ಆದ್ರೆ ದಿನಬೆಳಗಾದ್ರೆ ಕಾಲ್ ಮಾಡೋ ಲೈಬ್ರರಿ ಫಂಕ್ಷನ್‌ಗೆ ಸ್ಟಾರ್ ಕೊಡೋರು ಯಾರೂ ಇಲ್ಲ. ಸಿ ಭಾಷೆಯ ಮ್ಯಾಥ್ ಲೈಬ್ರರಿಯಲ್ಲಿ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳ ಶೇಷ ತೆಗೆಯೋಕೆ ಅಂತಾನೇ ಮೂರು ಐಟಂ ಇದೆ, ಎಫ್‌ಮಾಡ್, ರಿಮೇಂಡರ್, ರೆಮ್‌ಕ್ವೋ. ಮೊದಲನೇದು ಎಲ್ರಿಗೂ ಗೊತ್ತು, ಎರಡನೇದು ಕೇಳಿರ್ತಾರೆ ಬಳಸಿರಲ್ಲ, ಮೂರನೇದರ ಹೆಸರು ಹೇಳಿದ್ರೆ ಅದೇನದು ಅಂತ ಕೇಳ್ತಾರೆ. ಮೂರನ್ನೂ ಚೆನ್ನಾಗಿ ಗೋಳಾಡಿಸಿ ನೋಡಿದೀನಿ, ಹಾಗಾಗಿ ಬರೀತಿದೀನಿ. ಮೊದಲೇ ಒಂದು ಮಾತು, ಈ ಮೂರಕ್ಕೂ ಬೀಳೋ ಬೈಗುಳದಲ್ಲಿ ಹೆಚ್ಚಿನದ್ದು ಅವುಗಳದ್ದಲ್ಲ, ನಾವು ಅವಕ್ಕೆ ತಿನ್ನಿಸೋ ಸಂಖ್ಯೆಗಳದ್ದು.

ಮೊದಲು ಅಂಗಡಿ ಬಾಗಿಲಿನ ವಿಷಯ. ಇಂಟ್‌ಗೆ ಬಳಸೋ ಪರ್ಸೆಂಟ್ ಚಿಹ್ನೆ ಇದೆಯಲ್ಲ, ಅದನ್ನ ಎರಡು ಡಬಲ್ (ದಶಾಂಶ ಇರೋ ಸಂಖ್ಯೆಗಳ ಟೈಪ್) ಮಧ್ಯ ಹಾಕಿದ್ರೆ ಸಿ ಕಂಪೈಲರ್ ಒಪ್ಪೋದೇ ಇಲ್ಲ, ಸೀದಾ ಎರರ್. ಜಾವಾಸ್ಕ್ರಿಪ್ಟ್, ಪೈಥಾನ್, ರಸ್ಟ್ ಇಂದ ಬಂದೋರಿಗೆ ಇದು ಮೊದಲ ಶಾಕ್, ಯಾಕಂದ್ರೆ ಅಲ್ಲೆಲ್ಲಾ ಅದೇ ಚಿಹ್ನೆ ದಶಾಂಶಕ್ಕೂ ನಡೆಯತ್ತೆ. ಸಿಯಲ್ಲಿ ಮ್ಯಾಥ್ ಹೆಡರ್ ಸೇರಿಸಿ ಎಫ್‌ಮಾಡ್ ಕರೀಬೇಕು, ಲಿನಕ್ಸ್‌ನಲ್ಲಾದ್ರೆ ಲಿಂಕ್ ಮಾಡೋವಾಗ ಮೈನಸ್ ಎಲ್‌ಎಂ ಅಂತ ಕೊನೇಲಿ ಹಾಕೋದು ಮರೀಬಾರ್ದು. ಎಫ್‌ಮಾಡ್ 1989ರ ಮೊದಲ ಸ್ಟ್ಯಾಂಡರ್ಡ್‌ನಿಂದಲೇ ಇದೆ, ರಿಮೇಂಡರ್ ಮತ್ತು ರೆಮ್‌ಕ್ವೋ ಸೇರಿದ್ದು ಸಿ99ರಲ್ಲಿ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಈ ಎರಡು ಬಂದಿದ್ದು ವಿಶುವಲ್ ಸ್ಟುಡಿಯೋ 2013ಕ್ಕೆ, ಅಂದ್ರೆ ಸ್ಟ್ಯಾಂಡರ್ಡ್ ಬಂದು ಹದಿನಾಲ್ಕು ವರ್ಷ ಆದ್ಮೇಲೆ, ಹಳೇ ವಿಂಡೋಸ್ ಕೋಡ್‌ನಲ್ಲಿ ಜನ ಕೈಯಾರೆ ಬರೆದ ವರ್ಷನ್‌ಗಳು ಇನ್ನೂ ಸಿಗೋದು ಅದಕ್ಕೇ. ಮೂರಕ್ಕೂ ಫ್ಲೋಟ್‌ಗೆ ಕೊನೇಲಿ ಎಫ್, ಲಾಂಗ್ ಡಬಲ್‌ಗೆ ಕೊನೇಲಿ ಎಲ್ ಸೇರಿಸಿದ ತಮ್ಮಂದಿರಿದಾರೆ.

ಎಫ್‌ಮಾಡ್ ಏನ್ ಮಾಡತ್ತೆ? ಎಕ್ಸ್‌ನ ವೈ ಇಂದ ಭಾಗಿಸಿ, ಭಾಗಲಬ್ಧದ ದಶಾಂಶ ಭಾಗ ಕತ್ತರಿಸಿ ಎಸೆದು, ಉಳಿದ ಶೇಷ ಕೊಡತ್ತೆ. 7ನ್ನ 4ರಿಂದ ಅಂದ್ರೆ 3. ಮೈನಸ್ 7ನ್ನ 4ರಿಂದ ಅಂದ್ರೆ ಮೈನಸ್ 3, ಯಾಕಂದ್ರೆ ಶೇಷದ ಚಿಹ್ನೆ ಯಾವಾಗ್ಲೂ ಭಾಜ್ಯದ್ದು. ಭಾಜಕದ ಚಿಹ್ನೆಗೆ ಇಲ್ಲಿ ಬೆಲೆಯೇ ಇಲ್ಲ, 7ನ್ನ ಮೈನಸ್ 4ರಿಂದ ಮಾಡಿದ್ರೂ 3ನೇ. ಸಿಯ ಇಂಟ್ ಪರ್ಸೆಂಟ್ ಹೇಗೋ ಹಾಗೇ, ಆ ಮಟ್ಟಿಗೆ ಹೊಸದಾಗಿ ಕಲಿಯೋದು ಏನೂ ಇಲ್ಲ. ಪೈಥಾನ್ ಪರ್ಸೆಂಟ್ ಮಾತ್ರ ಭಾಜಕದ ಚಿಹ್ನೆ ಹಿಡಿಯತ್ತೆ, ಮೈನಸ್ 7ಕ್ಕೆ ಅಲ್ಲಿ 1 ಬರತ್ತೆ, ಅಲ್ಲಿನ ಕೋಡ್‌ನ ಸಿಗೆ ತರೋವಾಗ ಇದೇ ಮೊದಲು ಕೈ ಕೊಡೋ ಜಾಗ.

ಕೋನಗಳನ್ನ 0ಯಿಂದ 360ರೊಳಗೆ ತರೋಕೆ ಎಲ್ರೂ ಮಾಡೋದು ಒಂದೇ, ಎಫ್‌ಮಾಡ್ ಮಾಡಿ, ಉತ್ತರ ನೆಗೆಟಿವ್ ಆದ್ರೆ 360 ಕೂಡಿಸೋದು. ನೋಡೋಕೆ ಏನೂ ತೊಂದ್ರೆ ಇಲ್ಲ ಅನ್ಸತ್ತೆ. ಆದ್ರೆ ಕೋನ ಮೈನಸ್ 10^-20 ಅಂತ ಒಂದು ಧೂಳಿನಷ್ಟು ನೆಗೆಟಿವ್ ಬಂತು ಅಂದ್ಕೊಳ್ಳಿ, ಎಫ್‌ಮಾಡ್ ಅದನ್ನ ಹಾಗೇ ವಾಪಸ್ ಕೊಡತ್ತೆ, ಅದಕ್ಕೆ 360 ಕೂಡಿಸಿದ್ರೆ ಡಬಲ್‌ನಲ್ಲಿ ಆ ಧೂಳು ಕಾಣೋದೇ ಇಲ್ಲ, ಉತ್ತರ ಪಕ್ಕಾ 360.0. 360ಕ್ಕಿಂತ ಕಮ್ಮೀನೇ ಇರತ್ತೆ ಅಂತ ನಂಬಿ ಅದನ್ನ ಅರೇ ಇಂಡೆಕ್ಸ್ ಮಾಡ್ಕೊಂಡಿದ್ರೆ ಅರೇಯಿಂದ ಒಂದು ಹೆಜ್ಜೆ ಆಚೆ ಕಾಲಿಟ್ಟ ಹಾಗೆ. ಇದು ಎಫ್‌ಮಾಡ್ ತಪ್ಪಲ್ಲ, ಆಮೇಲಿನ ಕೂಡೋ ಲೆಕ್ಕದ್ದು, ಆದ್ರೆ ಬಗ್ ರಿಪೋರ್ಟ್‌ನಲ್ಲಿ ಬರೆಯೋ ಹೆಸರು ಮಾತ್ರ ಎಫ್‌ಮಾಡ್. ಕೂಡಿಸಿದ ಮೇಲೆ 360 ಅಥವಾ ಅದಕ್ಕಿಂತ ಜಾಸ್ತಿ ಆಯ್ತಾ ಅಂತ ಇನ್ನೊಂದು ಚೆಕ್ ಹಾಕಿ, ಆಗಿದ್ರೆ 0 ಮಾಡಿಬಿಡಿ. ಇನ್ನೊಂದು ಸಣ್ಣ ಕಿರಿಕಿರಿ ಇದೆ, ಮೈನಸ್ 8ನ್ನ 4ರಿಂದ ಎಫ್‌ಮಾಡ್ ಮಾಡಿದ್ರೆ ಬರೋದು ಮೈನಸ್ ಸೊನ್ನೆ. ಹೋಲಿಸಿದ್ರೆ ಸೊನ್ನೆಗೆ ಸಮಾನೇ, ಆದ್ರೆ ಸ್ಕ್ರೀನ್ ಮೇಲೆ ಪ್ರಿಂಟ್ ಮಾಡಿದ್ರೆ ಮುಂದೆ ಮೈನಸ್ ಚಿಹ್ನೆ ಕೂತಿರತ್ತೆ, ಅದನ್ನ ನೋಡಿದ ಯೂಸರ್ ಸುಮ್ನಿರಲ್ಲ. ಉತ್ತರಕ್ಕೆ 0.0 ಕೂಡಿಸಿದ್ರೆ ಮಾಮೂಲಿ ರೌಂಡಿಂಗ್ ಮೋಡ್‌ನಲ್ಲಿ ಆ ಮೈನಸ್ ಹೋಗತ್ತೆ.

ಈಗ ಎಫ್‌ಮಾಡ್ ಮೇಲಿರೋ ನಂಬರ್ ಒನ್ ಕಂಪ್ಲೇಂಟ್‌ಗೆ ಬರೋಣ. 1.0ನ್ನ 0.1ರಿಂದ ಎಫ್‌ಮಾಡ್ ಮಾಡಿ ನೋಡಿ. 0 ಬರಬೇಕು ಅಂತ ಕಾಯ್ತಿರ್ತೀವಿ, ಬರೋದು 0.09999999999999995. ಶೇಷ ಇಲ್ಲವೇ ಇಲ್ಲ ಅನ್ನೋ ಕಡೆ ಹೆಚ್ಚು ಕಮ್ಮಿ ಪೂರ್ತಿ ಭಾಜಕಾನೇ ಶೇಷವಾಗಿ ಬಂದು ಕೂತಿದೆ! ಇದಕ್ಕಿಂತ ಮಜಾ ಅಂದ್ರೆ ಅದೇ 1.0ನ್ನ 0.1ರಿಂದ ಮಾಮೂಲಾಗಿ ಭಾಗಿಸಿದ್ರೆ 10.0 ಸರಿಯಾಗೇ ಬರತ್ತೆ. ಹಾಗಿದ್ರೆ ಯಾರು ಸುಳ್ಳು ಹೇಳ್ತಿರೋದು?

ಸುಳ್ಳು ಹೇಳ್ತಿರೋದು ಭಾಗಾಕಾರ, ಎಫ್‌ಮಾಡ್ ಅಲ್ಲ. ನಾವು 0.1 ಅಂತ ಟೈಪ್ ಮಾಡಿದ್ದು ಮೆಮೊರಿಗೆ ಹೋಗಿ ಕೂರೋವಾಗ 0.1000000000000000055 ಆಗಿರತ್ತೆ, ಯಾಕಂದ್ರೆ ಹತ್ತನೇ ಒಂದು ಭಾಗ ಬೈನರಿಯಲ್ಲಿ ಮುಗಿಯದ ಸಂಖ್ಯೆ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಆ ನಿಜವಾದ ಸಂಖ್ಯೆ 0.1ಕ್ಕಿಂತ ಕೂದಲೆಳೆ ದೊಡ್ಡದು, ಹತ್ತು ಸಲ ಸೇರಿಸಿದ್ರೆ 1ನ್ನ ದಾಟಿಬಿಡತ್ತೆ, ಹಾಗಾಗಿ 1ರಲ್ಲಿ ಅದು ಪೂರ್ತಿಯಾಗಿ ಹಿಡಿಯೋದು ಒಂಬತ್ತೇ ಸಲ. ಒಂಬತ್ತು ಸಲ ಕಳೆದ ಮೇಲೆ ಉಳಿಯೋದು 0.0999ಚಿಲ್ಲರೆ. ಎಫ್‌ಮಾಡ್ ಹೇಳಿದ್ದು ನೂರಕ್ಕೆ ನೂರು ಸತ್ಯ. ಭಾಗಾಕಾರದ್ದು 9.9999999999999994ರ ಹತ್ರ ಇದ್ದ ಉತ್ತರ, ಹತ್ತಿರದ ಡಬಲ್‌ಗೆ ರೌಂಡ್ ಆಗಿ 10 ಆಯ್ತು, ನಮ್ಮ ಮನಸ್ಸಿಗೆ ಹಿತವಾಗಿ ಕಂಡಿತು ಅಷ್ಟೆ. 0.3ನ್ನ 0.1ರಿಂದ ಮಾಡಿದ್ರೂ ಇದೇ ಕಥೆ, 0.09999999999999998 ಬರತ್ತೆ. ಕೋಡ್‌ನಲ್ಲಿ ಎಫ್‌ಮಾಡ್ ಉತ್ತರ ಸೊನ್ನೆಗೆ ಸಮಾನವಾ ಅಂತ ಚೆಕ್ ಮಾಡಿ ಪ್ರತಿ 0.1 ಸೆಕೆಂಡಿಗೆ ಏನೋ ಮಾಡ್ತೀನಿ ಅಂತ ಹೊರಟೋರು ಇಲ್ಲೇ ಮುಗ್ಗರಿಸೋದು. ಟಾಲರೆನ್ಸ್, ಅಂದ್ರೆ ಸೊನ್ನೆ ಹತ್ರ ಇದ್ರೆ ಸಾಕು ಅನ್ನೋ ರಿಯಾಯಿತಿ, ಹಾಕಿದ್ರೂ ಉಪಯೋಗ ಇಲ್ಲ, ಯಾಕಂದ್ರೆ 0.0999 ಸೊನ್ನೆ ಹತ್ರ ಇಲ್ವೇ ಇಲ್ಲ, ಅದು ಇನ್ನೊಂದು ತುದಿಯಲ್ಲಿದೆ. ಇದಕ್ಕೆ ಮದ್ದು ರಿಮೇಂಡರ್, ಅದು ಆಮೇಲೆ.

ಈ ಮೂರು ಫಂಕ್ಷನ್‌ಗಳ ಬಗ್ಗೆ ನಂಗೆ ನಿಜಕ್ಕೂ ಗೌರವ ಬರೋದು ಈ ಒಂದು ವಿಷಯಕ್ಕೆ, ಇವುಗಳ ಶೇಷದಲ್ಲಿ ರೌಂಡಿಂಗ್ ಎರರ್ ಅನ್ನೋದೇ ಇಲ್ಲ. ಫ್ಲೋಟಿಂಗ್ ಪಾಯಿಂಟ್ ಲೋಕದಲ್ಲಿ ಕೂಡಿದ್ರೂ ಎರರ್, ಗುಣಿಸಿದ್ರೂ ಎರರ್, ಆದ್ರೆ ಶೇಷ ಮಾತ್ರ ಯಾವಾಗ್ಲೂ ಎಕ್ಸಾಕ್ಟ್. ಕಾರಣ ಯೋಚಿಸಿದ್ರೆ ಸುಲಭ. ಎಕ್ಸ್ ದೊಡ್ಡದು, ವೈ ಚಿಕ್ಕದು ಅಂದ್ಕೊಳ್ಳಿ, ವೈಯ ಕೊನೇ ಬಿಟ್‌ನ ಬೆಲೆ ಏನಿದೆಯೋ ಅದರ ಪೂರ್ಣಾಂಕ ಗುಣಕವೇ ಎರಡೂ ಸಂಖ್ಯೆ. ಹಾಗಾಗಿ ಶೇಷವೂ ಅದರದ್ದೇ ಗುಣಕ, ಮತ್ತೆ ಶೇಷ ವೈಗಿಂತ ಚಿಕ್ಕದು, ಅಂದ್ಮೇಲೆ ವೈ ಹಿಡಿಸೋ ಜಾಗದಲ್ಲಿ ಶೇಷವೂ ಆರಾಮಾಗಿ ಹಿಡಿಸತ್ತೆ, ಕತ್ತರಿಸೋ ಪ್ರಶ್ನೆಯೇ ಬರಲ್ಲ. ಎಕ್ಸ್ ವೈಗಿಂತ ಚಿಕ್ಕದಾಗಿದ್ರೆ ಎಫ್‌ಮಾಡ್ ಅದನ್ನೇ ಹಾಗೇ ವಾಪಸ್ ಕೊಡತ್ತೆ, ಅಲ್ಲೂ ಎರರ್ ಇಲ್ಲ.

ಇದರ ಬೆಲೆ ಗೊತ್ತಾಗ್ಬೇಕಾದ್ರೆ ಲೈಬ್ರರಿ ಯಾಕೆ, ನಾನೇ ಬರೀತೀನಿ ಅನ್ನೋರ ಫಾರ್ಮುಲಾ ನೋಡಿ. ಎಕ್ಸ್ ಭಾಗಿಸು ವೈ, ಅದಕ್ಕೆ ಫ್ಲೋರ್ ಹಾಕು, ವೈ ಇಂದ ಗುಣಿಸು, ಎಕ್ಸ್‌ನಿಂದ ಕಳಿ. ಒಂದೇ ಲೈನು, ಫಾಸ್ಟ್ ಕೂಡ. ಇದಕ್ಕೆ 10^17ನ್ನೂ 3ನ್ನೂ ಕೊಡಿ. 10^17 ಡಬಲ್‌ನಲ್ಲಿ ಚೂರೂ ನಷ್ಟ ಇಲ್ಲದೆ ಕೂರತ್ತೆ, ಮತ್ತೆ ಅಂಕಿಗಳ ಮೊತ್ತ 1 ಆದ್ರಿಂದ 3ರಿಂದ ಭಾಗಿಸಿದ್ರೆ ಶೇಷ 1 ಅಂತ ಸ್ಕೂಲ್ ಮಕ್ಕಳೂ ಹೇಳ್ತಾರೆ. ಫಾರ್ಮುಲಾ ಏನ್ ಕೊಡತ್ತೆ? ಭಾಗಲಬ್ಧ 33333333333333333.33 ಬರಬೇಕು, ಆದ್ರೆ ಅಷ್ಟು ದೊಡ್ಡ ಕಡೆ ಡಬಲ್‌ಗಳು ನಾಲ್ಕು ನಾಲ್ಕರ ಅಂತರದಲ್ಲಿರತ್ತೆ, ಹಾಗಾಗಿ ಕೊನೇಲಿ 32 ಅಂತ ಮುಗಿಯೋ ಸಂಖ್ಯೆಗೆ ರೌಂಡ್ ಆಗತ್ತೆ. 3ರಿಂದ ಗುಣಿಸಿದ್ರೆ 99999999999999996, ಅಲ್ಲಿ ಡಬಲ್‌ಗಳ ಅಂತರ 16, ಮತ್ತೆ ರೌಂಡ್ ಆಗಿ 10^17ನೇ ಬಂತು. ಕಳೆದ್ರೆ 0. ತಪ್ಪು. ಇಷ್ಟಕ್ಕೆ ಮುಗೀಲಿಲ್ಲ, ಅದೇ ಲೈನ್‌ನ ಎಫ್‌ಎಂಎ ಇರೋ ಪ್ರೊಸೆಸರ್‌ಗೆ ಅಂತ ಕಂಪೈಲ್ ಮಾಡಿದ್ರೆ ಕಂಪೈಲರ್ ಗುಣಾಕಾರ ಕಳೆಯೋದು ಎರಡನ್ನೂ ಒಟ್ಟಿಗೆ ಒಂದೇ ರೌಂಡಿಂಗ್‌ನಲ್ಲಿ ಮಾಡಿಬಿಡಬಹುದು, ಆಗ ಉತ್ತರ 4. ಮೂರರಿಂದ ಭಾಗಿಸಿದ್ರೆ ಶೇಷ ನಾಲ್ಕು! ಇದನ್ನ ಯಾವ ಮೇಷ್ಟ್ರ ಮುಂದೆ ಹೇಳೋದು. ಎಫ್‌ಮಾಡ್‌ಗೆ ಕೊಟ್ರೆ ಎರಡೂ ಮಶೀನ್ ಮೇಲೆ ತೆಪ್ಪಗೆ 1 ಕೊಡತ್ತೆ.

ಸ್ಪೀಡ್ ಬಗ್ಗೆ ಮಾತ್ರ ಹೊಗಳೋಕಾಗಲ್ಲ. ಎಫ್‌ಮಾಡ್ ಒಳಗೆ ನಡೆಯೋದು ಸ್ಕೂಲಲ್ಲಿ ಕಲಿತ ದೀರ್ಘ ಭಾಗಾಕಾರಾನೇ, ಬೈನರಿಯಲ್ಲಿ. ಸನ್ ಮೈಕ್ರೋಸಿಸ್ಟಮ್ಸ್‌ನ 1993ರ ಎಫ್‌ಡಿಲಿಬ್‌ಎಂ ಕೋಡ್ ಎಷ್ಟೋ ಲೈಬ್ರರಿಗಳಿಗೆ ಮೂಲ, ಅದರಲ್ಲಿ ಒಂದು ಬಿಟ್ ಸರಿಸು, ಕಳಿ, ಮತ್ತೆ ಸರಿಸು, ಕಳಿ ಅಂತ ಲೂಪ್. ಎಕ್ಸ್ ಮತ್ತು ವೈ ಹತ್ತಿರ ಹತ್ತಿರ ಇದ್ರೆ ನಾಲ್ಕೈದು ಸುತ್ತಲ್ಲಿ ಮುಗಿಯತ್ತೆ, ಆದ್ರೆ 10^308ನ್ನ 3ರಿಂದ ಮಾಡು ಅಂದ್ರೆ ಎಕ್ಸ್‌ಪೊನೆಂಟ್ (2ರ ಘಾತ) ವ್ಯತ್ಯಾಸ ಸಾವಿರದ ಮೇಲೆ, ಅಷ್ಟೂ ಸುತ್ತು ಸುತ್ತಬೇಕು. ಡಬಲ್‌ನ ಅತೀ ದೊಡ್ಡ ಸಂಖ್ಯೆನ ಅತೀ ಚಿಕ್ಕ ಸಬ್‌ನಾರ್ಮಲ್‌ನಿಂದ (ಸೊನ್ನೆಗೆ ತೀರಾ ಹತ್ತಿರದ ಸಂಖ್ಯೆಯಿಂದ) ಭಾಗಿಸಿದ್ರೆ ಎರಡು ಸಾವಿರದಾಚೆ ಹೋಗತ್ತೆ. 2023ರಲ್ಲಿ ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.38ಕ್ಕೆ ಎಫ್‌ಮಾಡ್‌ನ ಹೊಸದಾಗಿ ಬರೆದ್ರು, ಒಂದೊಂದೇ ಬಿಟ್ ಬದಲು ಒಂದು ಸಲಕ್ಕೆ ಹಲವಾರು ಬಿಟ್ ಎಗರಿಸೋ ತರ, ಈಗ ಪರವಾಗಿಲ್ಲ. ಆದ್ರೂ ಆಡಿಯೋ ಲೂಪ್‌ನಲ್ಲಿ ಪ್ರತಿ ಸ್ಯಾಂಪಲ್‌ಗೂ ಎಫ್‌ಮಾಡ್ ಕರೆಯೋದು ದುಂದು, ಫೇಸ್ (ಅಲೆಯಲ್ಲಿ ಎಲ್ಲಿದೀವಿ ಅನ್ನೋ ಲೆಕ್ಕ) ಒಂದೊಂದೇ ಹೆಜ್ಜೆ ಏರ್ತಿದೆ ಅಂತ ಗೊತ್ತಿದ್ರೆ ಲಿಮಿಟ್ ದಾಟಿದಾಗ ಒಂದು ಸಲ ಕಳೆದ್ರೆ ಆಯ್ತು. ಎಫ್‌ಮಾಡ್‌ಗೆ ಐದಕ್ಕೆ ನಾಲ್ಕು ಸ್ಟಾರ್.

ರಿಮೇಂಡರ್‌ಗೆ ಬಂದ್ರೆ, ನನ್ನ ಪ್ರಕಾರ ಈ ಮೂರರಲ್ಲಿ ಬೆಸ್ಟ್ ಇದೇ, ಆದ್ರೂ ಪಾಪ ಯಾರೂ ಮುಟ್ಟಲ್ಲ. ಇದು 1985ರ ಐಇಇಇ 754 ಅನ್ನೋ ಫ್ಲೋಟಿಂಗ್ ಪಾಯಿಂಟ್ ಸ್ಟ್ಯಾಂಡರ್ಡ್‌ನಲ್ಲೇ ಕಡ್ಡಾಯ ಮಾಡಿದ್ದ ಲೆಕ್ಕ, ಹಳೇ ಬಿಎಸ್‌ಡಿ ಕೋಡ್‌ನಲ್ಲಿ ಡ್ರೆಮ್ ಅನ್ನೋ ಹೆಸರು ಕಂಡ್ರೆ ಅದೂ ಇದೇ. ಎಫ್‌ಮಾಡ್‌ಗೂ ಇದಕ್ಕೂ ಒಂದೇ ವ್ಯತ್ಯಾಸ, ಭಾಗಲಬ್ಧವನ್ನ ಕತ್ತರಿಸೋ ಬದಲು ಹತ್ತಿರದ ಪೂರ್ಣಾಂಕಕ್ಕೆ ತಗೊಳತ್ತೆ. 7ನ್ನ 4ರಿಂದ ಅಂದ್ರೆ 1.75, ಹತ್ತಿರದ್ದು 2, ಎರಡು ನಾಲ್ಕಲಿ ಎಂಟು, ಶೇಷ ಮೈನಸ್ 1. ಶೇಷ ನೆಗೆಟಿವ್ ಬರತ್ತೆ ಅಂತ ಗಾಬರಿ ಬೇಡ, ಇದರ ಉದ್ದೇಶವೇ ಅದು, ಹತ್ತಿರದ ಗುಣಕದಿಂದ ನಾವು ಎಷ್ಟು ದೂರ, ಯಾವ ಕಡೆ ಇದೀವಿ ಅಂತ ಹೇಳೋದು. ಉತ್ತರ ಯಾವತ್ತೂ ವೈಯ ಅರ್ಧಕ್ಕಿಂತ ಆಚೆ ಹೋಗಲ್ಲ.

ಈಗ ಆ 1.0 ಮತ್ತು 0.1ನ್ನ ಇದಕ್ಕೆ ಕೊಡಿ. ಬರೋದು ಸುಮಾರು -5.55×10^-17. ಅಂದ್ರೆ 1 ಅನ್ನೋದು 0.1ರ ಹತ್ತನೇ ಗುಣಕದಿಂದ ಒಂದು ಕೂದಲೆಳೆ ಹಿಂದಿದೆ ಅಂತ. ಇದಕ್ಕೆ ಟಾಲರೆನ್ಸ್ ಹಾಕಿದ್ರೆ ಕೆಲಸ ಮಾಡತ್ತೆ, ಅಬ್ಸಲ್ಯೂಟ್ ಬೆಲೆ ತಗೊಂಡು ಒಂದು ಸಣ್ಣ ಸಂಖ್ಯೆಗಿಂತ ಕಮ್ಮಿನಾ ಅಂತ ನೋಡಿ, ಮುಗೀತು. ಎಕ್ಸ್ ಈ ಸ್ಟೆಪ್‌ನ ಗುಣಕವಾ ಅನ್ನೋ ಪ್ರಶ್ನೆಗೆ ಸರಿಯಾದ ಟೂಲ್ ಇದು, ಎಫ್‌ಮಾಡ್ ಅಲ್ಲ, ಇದನ್ನ ಮೊದಲೇ ಹೇಳಿಕೊಟ್ಟಿದ್ರೆ ಎಷ್ಟೋ ಜನರ ಕೂದಲು ಉದುರ್ತಿರಲಿಲ್ಲ. ಗ್ರಿಡ್‌ಗೆ ಸ್ನ್ಯಾಪ್ ಮಾಡೋಕೂ ಇದೇ, ಎಕ್ಸ್‌ನಿಂದ ರಿಮೇಂಡರ್ ಕಳೆದ್ರೆ ಹತ್ತಿರದ ಗೆರೆ ಸಿಗತ್ತೆ, 5ರ ಗ್ರಿಡ್‌ನಲ್ಲಿ 37 ಹೋಗಿ 35 ಆಗತ್ತೆ, 38 ಹೋಗಿ 40 ಆಗತ್ತೆ.

ಕೋನಗಳಿಗಂತೂ ಹೇಳಿ ಮಾಡಿಸಿದ್ದು. ಎರಡು ದಿಕ್ಕು, ಒಂದು 350 ಡಿಗ್ರಿ, ಇನ್ನೊಂದು 10 ಡಿಗ್ರಿ, ನಡುವಿನ ತಿರುವು ಎಷ್ಟು? ಕಳೆದ್ರೆ 340, ಅದನ್ನ 360ರಿಂದ ರಿಮೇಂಡರ್ ಮಾಡಿದ್ರೆ ಮೈನಸ್ 20. ಇಫ್ ಇಲ್ಲ, ಎಲ್ಸ್ ಇಲ್ಲ, ವೈಲ್ ಲೂಪ್‌ನಲ್ಲಿ 360 ಕಳೀತಾ ಕೂರೋ ಗೋಳಿಲ್ಲ. ರೋಬೋ, ಗೇಮ್ ಕೋಡ್‌ಗಳಲ್ಲಿ ಇದೇ ಒಂದು ಲೈನಿನ ಕೆಲಸಕ್ಕೆ ಹತ್ತು ಲೈನ್ ಬರೆದಿರೋದು ನೋಡಿದ್ರೆ ಅಯ್ಯೋ ಅನ್ಸತ್ತೆ.

ಒಂದೇ ಒಂದು ಗುಣ ತಿಳ್ಕೊಂಡಿರಬೇಕು, ಸರಿಯಾಗಿ ಮಧ್ಯ ಬಿದ್ರೆ ಏನಾಗತ್ತೆ ಅನ್ನೋದು. ಭಾಗಲಬ್ಧ ಅರ್ಧದ ಮೇಲೆ ನಿಂತ್ರೆ ಸಮಸಂಖ್ಯೆ ಕಡೆ ವಾಲತ್ತೆ. 6ನ್ನ 4ರಿಂದ ಅಂದ್ರೆ 1.5, ಸಮಸಂಖ್ಯೆ 2, ಶೇಷ ಮೈನಸ್ 2. 10ನ್ನ 4ರಿಂದ ಅಂದ್ರೆ 2.5, ಮತ್ತೆ ಸಮಸಂಖ್ಯೆ 2ನೇ, ಶೇಷ ಪ್ಲಸ್ 2. ಹಾಗಾಗಿ ಕೋನದಲ್ಲಿ 180 ಕೊಟ್ರೆ 180, 540 ಕೊಟ್ರೆ ಮೈನಸ್ 180, ಒಂದೇ ದಿಕ್ಕಿಗೆ ಎರಡು ಉತ್ತರ. ಎರಡು ತುದಿಯಲ್ಲಿ ಒಂದು ಮಾತ್ರ ಬೇಕು ಅನ್ನೋರು ಮೈನಸ್ 180 ಬಂದ್ರೆ 180 ಮಾಡು ಅಂತ ಒಂದು ಲೈನ್ ಸೇರಿಸ್ಕೋಬೇಕು. ಶೇಷ ಸೊನ್ನೆ ಬಂದ್ರೆ ಚಿಹ್ನೆ ಎಕ್ಸ್‌ದೇ, ಆ ಮೈನಸ್ ಸೊನ್ನೆ ಕಾಟ ಇಲ್ಲೂ ತಪ್ಪಲ್ಲ. ಆದ್ರೂ ಐದಕ್ಕೆ ಐದು, ಕಣ್ಣು ಮುಚ್ಚಿ ಕೊಡ್ತೀನಿ. ಪೈಥಾನ್ ಕೂಡ 3.7ರಲ್ಲಿ ಇದನ್ನ ಮ್ಯಾಥ್ ಮಾಡ್ಯೂಲ್‌ಗೆ ತಂದ್ಕೊಂಡಿದೆ, ಜಾವಾ, ಸಿ ಶಾರ್ಪ್ ಎರಡರಲ್ಲೂ ಹೆಸರಲ್ಲೇ ಐಇಇಇ ಅಂತ ಸೇರಿಸಿ ಇಟ್ಟಿದಾರೆ.

ಮೂರನೇದು ರೆಮ್‌ಕ್ವೋ, ವಿಚಿತ್ರ ಪ್ರಾಣಿ. ಶೇಷ ಕೊಡೋದು ರಿಮೇಂಡರ್ ಕೊಡೋ ಶೇಷಾನೇ, ಜೊತೆಗೆ ಮೂರನೇ ಆರ್ಗ್ಯುಮೆಂಟ್ ಆಗಿ ಒಂದು ಇಂಟ್ ಪಾಯಿಂಟರ್ ಕೊಟ್ರೆ ಅದರಲ್ಲಿ ಭಾಗಲಬ್ಧ ಹಾಕಿಕೊಡತ್ತೆ. ಆಹಾ, ಒಂದೇ ಕಾಲ್‌ನಲ್ಲಿ ಎರಡೂ ಸಿಕ್ತಲ್ಲ ಅಂತ ಖುಷಿಯಾಗತ್ತೆ, ಮೈನಸ್ 7 ಮತ್ತು 4 ಕೊಟ್ರೆ ಶೇಷ 1, ಭಾಗಲಬ್ಧ ಮೈನಸ್ 2, ಎಲ್ಲಾ ಸರಿಯಾಗಿದೆ. ಆಮೇಲೆ 100 ಮತ್ತು 3 ಕೊಡ್ತೀವಿ. ಶೇಷ 1, ಓಕೆ. ಭಾಗಲಬ್ಧ 33 ಬರಬೇಕು, ಜಿಲಿಬ್‌ಸಿಯಲ್ಲಿ ಬರೋದು 1. ಏನಪ್ಪಾ ಇದು ಅಂತ ಅದೇ ಪ್ರೋಗ್ರಾಂನ ಮಸಲ್ ಅನ್ನೋ ಇನ್ನೊಂದು ಸಿ ಲೈಬ್ರರಿ ಜೊತೆ ಕಟ್ಟಿದ್ರೆ 33 ಬರತ್ತೆ. ಇನ್ನೂ ತಲೆ ಕೆಡಬೇಕಾ, 100 ಮತ್ತು 3 ಎರಡನ್ನೂ ಕೋಡ್‌ನಲ್ಲೇ ನೇರವಾಗಿ ಬರೆದಿದ್ರೆ ಜಿಸಿಸಿ ಕಂಪೈಲರ್ ಲೈಬ್ರರಿಗೆ ಹೋಗದೆ ಕಂಪೈಲ್ ಟೈಮಲ್ಲೇ ಲೆಕ್ಕ ಮುಗಿಸಿಬಿಡಬಹುದು, ಆಗ ಅದೇ ಜಿಲಿಬ್‌ಸಿ ಸಿಸ್ಟಮ್‌ನಲ್ಲೂ 33 ಕಾಣತ್ತೆ, ಸಂಖ್ಯೆನ ಯೂಸರ್ ಇನ್‌ಪುಟ್‌ನಿಂದ ತಗೊಂಡ ತಕ್ಷಣ 1 ಆಗತ್ತೆ. ಚಿಕ್ಕ ಟೆಸ್ಟ್ ಪ್ರೋಗ್ರಾಂ ಬರೆದು ನೋಡಿ ಎಲ್ಲಾ ಸರಿ ಇದೆ ಅಂದ್ಕೊಂಡು ಹೋದೋರು ಪ್ರೊಡಕ್ಷನ್‌ನಲ್ಲಿ ಬಿದ್ದು ಒದ್ದಾಡ್ತಾರೆ.

ಮೂರೂ ಉತ್ತರ ಸ್ಟ್ಯಾಂಡರ್ಡ್ ಪ್ರಕಾರ ಸರಿ, ತಮಾಷೆ ಅಂದ್ರೆ ಅದೇ. ಸ್ಟ್ಯಾಂಡರ್ಡ್ ಕೊಟ್ಟಿರೋ ಮಾತು ಪೂರ್ತಿ ಭಾಗಲಬ್ಧದ್ದಲ್ಲ, ಅದರ ಕೆಳಗಿನ ಕೆಲವು ಬಿಟ್‌ಗಳದ್ದು ಮಾತ್ರ, ಕಮ್ಮಿ ಅಂದ್ರೆ ಮೂರು ಬಿಟ್, ಅದಕ್ಕಿಂತ ಜಾಸ್ತಿ ಕೊಡೋದು ಬಿಡೋದು ಲೈಬ್ರರಿ ಇಷ್ಟ, ಚಿಹ್ನೆ ಮಾತ್ರ ಎಕ್ಸ್ ಭಾಗಿಸು ವೈಯ ಚಿಹ್ನೆ. ಹಳೇ ಗಾಡಿಯ ಓಡೋಮೀಟರ್‌ನಲ್ಲಿ ಮುಂದಿನ ಅಂಕಿಗಳು ಕಿತ್ತುಹೋಗಿ ಕೊನೇ ಅಂಕಿಗಳು ಮಾತ್ರ ಕಾಣೋ ಹಾಗೆ. ಜಿಲಿಬ್‌ಸಿ ಲೆಕ್ಕಾಚಾರಕ್ಕೆ ತಕ್ಕಷ್ಟೇ ಮೂರು ಬಿಟ್ ಕೊಡತ್ತೆ, 33ನ್ನ 8ರಿಂದ ಭಾಗಿಸಿದ್ರೆ ಉಳಿಯೋದು 1. ಮಸಲ್ ಧಾರಾಳಿ, 31 ಬಿಟ್ ಕೊಡತ್ತೆ.

ಮೂರೇ ಯಾಕೆ ಅಂದ್ರೆ ಇಂಟೆಲ್‌ನ ಹಳೇ ಫ್ಲೋಟಿಂಗ್ ಪಾಯಿಂಟ್ ಚಿಪ್ ನೋಡಬೇಕು. 1980ರ 8087ರಲ್ಲಿ ಎಫ್‌ಪ್ರೆಮ್ ಅನ್ನೋ ಇನ್‌ಸ್ಟ್ರಕ್ಷನ್ ಇತ್ತು, ಭಾಗಲಬ್ಧ ಕತ್ತರಿಸಿ ಶೇಷ ಕೊಡೋದು, ಆಮೇಲೆ 80387ರಲ್ಲಿ ಎಫ್‌ಪ್ರೆಮ್1 ಅಂತ ಐಇಇಇ ರೀತಿಯ ಹತ್ತಿರದ ಪೂರ್ಣಾಂಕದ್ದು ಬಂತು. ಇವು ಒಂದೇ ಏಟಿಗೆ ಕೆಲಸ ಮುಗಿಸಲ್ಲ, ಒಂದು ಸಲಕ್ಕೆ ಎಕ್ಸ್‌ಪೊನೆಂಟ್ ವ್ಯತ್ಯಾಸನ ಹೆಚ್ಚಂದ್ರೆ 63ರಷ್ಟು ಇಳಿಸತ್ತೆ, ಇನ್ನೂ ಬಾಕಿ ಇದ್ರೆ ಸಿ2 ಅನ್ನೋ ಫ್ಲಾಗ್ ಎತ್ತಿ ಹಿಡಿಯತ್ತೆ, ಅದು ಇಳಿಯೋ ತನಕ ಸಾಫ್ಟ್‌ವೇರ್ ಲೂಪ್ ಹೊಡೀಬೇಕು. ಮುಗಿದಾಗ ಭಾಗಲಬ್ಧದ ಕೆಳಗಿನ ಮೂರು ಬಿಟ್ ಉಳಿದ ಮೂರು ಫ್ಲಾಗ್‌ಗಳಲ್ಲಿ, ಸಿ0, ಸಿ3, ಸಿ1ರಲ್ಲಿ ಈ ಕ್ರಮದಲ್ಲೇ, ಚದುರಿ ಕೂತಿರತ್ತೆ. ಮೂರು ಬಿಟ್ ಸಾಕು, ಯಾಕಂದ್ರೆ ಸೈನ್, ಕಾಸ್ ಲೆಕ್ಕ ಹಾಕೋವಾಗ ಬೇಕಾಗಿರೋದು ಪೂರ್ತಿ ವೃತ್ತವನ್ನ ಎಂಟು ತುಂಡು ಮಾಡಿದ್ರೆ ನಾವು ಯಾವ ತುಂಡಲ್ಲಿದೀವಿ ಅನ್ನೋದು ಮಾತ್ರ, ಎಷ್ಟು ಸಾವಿರ ಸುತ್ತು ಸುತ್ತಿ ಬಂದ್ವಿ ಅನ್ನೋದಲ್ಲ. ಪೂರ್ತಿ ಭಾಗಲಬ್ಧ ಕೊಡ್ತೀನಿ ಅಂದ್ರೂ ಆಗಲ್ಲ, 10^308ನ್ನ 3ರಿಂದ ಭಾಗಿಸಿದ ಭಾಗಲಬ್ಧ ಯಾವ ಇಂಟ್‌ನಲ್ಲಿ ಹಿಡಿಸತ್ತೆ ಹೇಳಿ.

ಅದರ ಕೆಲಸಕ್ಕೇ ಬಳಸಿದ್ರೆ ರೆಮ್‌ಕ್ವೋ ಎಷ್ಟು ಚಂದ ಅಂತ ಡಿಗ್ರಿಯ ಸೈನ್ ಬರೆದು ನೋಡಿದಾಗ ಗೊತ್ತಾಗತ್ತೆ. ಕೋನವನ್ನ 90ರಿಂದ ರೆಮ್‌ಕ್ವೋ ಮಾಡಿ, ಶೇಷ ಮೈನಸ್ 45ರಿಂದ 45ರೊಳಗೆ ಇರತ್ತೆ, ಅದನ್ನ ರೇಡಿಯನ್ ಮಾಡ್ಕೊಳ್ಳಿ. ಸಿಕ್ಕ ಭಾಗಲಬ್ಧವನ್ನ 3ರ ಜೊತೆ ಬಿಟ್ ಆಂಡ್ ಮಾಡಿ, 0 ಬಂದ್ರೆ ಶೇಷದ ಸೈನ್, 1 ಬಂದ್ರೆ ಕಾಸ್, 2 ಬಂದ್ರೆ ಮೈನಸ್ ಸೈನ್, 3 ಬಂದ್ರೆ ಮೈನಸ್ ಕಾಸ್. ಭಾಗಲಬ್ಧ ನೆಗೆಟಿವ್ ಆದ್ರೂ ಟೂಸ್ ಕಾಂಪ್ಲಿಮೆಂಟ್ (ನೆಗೆಟಿವ್ ಪೂರ್ಣಾಂಕನ ಬಿಟ್‌ಗಳಲ್ಲಿ ಇಡೋ ರೀತಿ) ದಯೆಯಿಂದ ಆಂಡ್ ಸರಿಯಾಗೇ ಬರತ್ತೆ, ಮೈನಸ್ 90 ಡಿಗ್ರಿಗೆ ಭಾಗಲಬ್ಧ ಮೈನಸ್ 1, ಆಂಡ್ ಮಾಡಿದ್ರೆ 3, ಉತ್ತರ ಮೈನಸ್ 1, ಪಕ್ಕಾ. 180 ಡಿಗ್ರಿ ಕೊಟ್ರೆ ಸೊನ್ನೆ, ಮಾಮೂಲಿಯಾಗಿ ಪೈಯನ್ನ ಸೈನ್‌ಗೆ ಕೊಟ್ರೆ ಬರೋ 1.22×10^-16 ಅನ್ನೋ ಕಸ ಇಲ್ಲ. (ಮೈನಸ್ ಸೊನ್ನೆ ಬರತ್ತೆ ಅನ್ನಿ, ಅದಕ್ಕೆ ಮದ್ದು ಮೇಲೇ ಹೇಳಿದೀನಿ.) 10^17 ಡಿಗ್ರಿ ಅಂತ ಹುಚ್ಚು ಕೋನ ಕೊಟ್ರೂ ಅದು 280 ಡಿಗ್ರಿಗೆ ಸಮ ಅಂತ ಚೂರೂ ತಪ್ಪದೆ ಹಿಡಿಯತ್ತೆ. ಭೂಮಿ ಮೇಲಿನ ದೂರ, ದಿಕ್ಕು ಲೆಕ್ಕ ಹಾಕೋ ಜಿಯೊಗ್ರಾಫಿಕ್‌ಲಿಬ್‌ನಲ್ಲಿ ಡಿಗ್ರಿ ಸೈನ್ ಕಾಸ್‌ಗೆ ಇದೇ ಟ್ರಿಕ್ ಇದೆ.

ಇದನ್ನೇ ರೇಡಿಯನ್‌ನಲ್ಲಿ, ಪೈ ಭಾಗಿಸು 2 ಕೊಟ್ಟು ಮಾಡೋಕೆ ಹೋದ್ರೆ ಹುಷಾರು. ಡಬಲ್‌ನಲ್ಲಿರೋ ಪೈ ಅರ್ಧ ನಿಜವಾದ ಪೈ ಅರ್ಧ ಅಲ್ಲ, ಸುಮಾರು 6.1×10^-17 ಕಮ್ಮಿ. ರೆಮ್‌ಕ್ವೋ ಆ ಸುಳ್ಳು ಪೈ ಮೇಲೆ ಪರಮ ಸತ್ಯವಾದ ಶೇಷ ತೆಗೆದು ಕೊಡತ್ತೆ, ಎಷ್ಟು ಸಲ ಭಾಗ ಹೋಯ್ತೋ ಅಷ್ಟು ಪಟ್ಟು ಆ ಸುಳ್ಳು ಬೆಳೆಯತ್ತೆ. ಎಕ್ಸ್ 10^10 ಇದ್ರೆ ಎರರ್ 3.9×10^-7 ಹತ್ರ, ಡಬಲ್ ಬಳಸಿ ಫ್ಲೋಟ್‌ಗಿಂತ ಕೀಳು ಉತ್ತರ ತಗೊಂಡ ಹಾಗೆ. ಲೈಬ್ರರಿಯ ಸೈನ್ ಒಳಗೆ ಪೈಯ ಹೆಚ್ಚುವರಿ ಬಿಟ್‌ಗಳನ್ನ ಇಟ್ಕೊಂಡು ಇದನ್ನ ಸರಿಯಾಗಿ ಮಾಡಿರ್ತಾರೆ, ಸುಮ್ನೆ ಅದನ್ನೇ ಕರೀರಿ.

ರೆಮ್‌ಕ್ವೋಗೆ ಐದಕ್ಕೆ ಮೂರು. ಮಾಡೋ ಕೆಲಸದಲ್ಲಿ ಲೋಪ ಇಲ್ಲ, ಆದ್ರೆ ಹೆಸರು ಒಂದು ಹೇಳತ್ತೆ, ಕೈಗೆ ಸಿಗೋದು ಇನ್ನೊಂದು. ಎಷ್ಟೋ ಟ್ಯುಟೋರಿಯಲ್‌ಗಳಲ್ಲಿ ಶೇಷ ಮತ್ತು ಭಾಗಲಬ್ಧ ಕೊಡತ್ತೆ ಅಂತ ಒಂದು ಲೈನ್ ಬರೆದು ಕೈ ತೊಳ್ಕೊಂಡಿರ್ತಾರೆ, ಬಿಟ್‌ಗಳ ಮಾತೇ ಇರಲ್ಲ. ಪೂರ್ತಿ ಭಾಗಲಬ್ಧ ನಿಜವಾಗ್ಲೂ ಬೇಕಿದ್ರೆ ಮೊದಲು ರಿಮೇಂಡರ್ ತೆಗೆದು, ಎಕ್ಸ್‌ನಿಂದ ಅದನ್ನ ಕಳೆದು, ವೈ ಇಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ರೌಂಡ್ ಮಾಡಿ, ಭಾಗಲಬ್ಧ ತೀರಾ ದೈತ್ಯ ಅಲ್ಲದಿದ್ರೆ ಸರಿಯಾಗೇ ಸಿಗತ್ತೆ.

ಎಡವಟ್ಟು ಇನ್‌ಪುಟ್‌ಗಳಲ್ಲಿ ಮೂರೂ ಒಂದೇ ತರ ನಡ್ಕೊಳತ್ತೆ. ಇಂಟ್‌ನ ಸೊನ್ನೆಯಿಂದ ಪರ್ಸೆಂಟ್ ಮಾಡಿದ್ರೆ ಎಷ್ಟೋ ಮಶೀನ್‌ನಲ್ಲಿ ಪ್ರೋಗ್ರಾಂ ಅಲ್ಲೇ ಸತ್ತುಹೋಗತ್ತೆ, ಇಲ್ಲಿ ವೈ ಸೊನ್ನೆ ಆದ್ರೆ ಸದ್ದಿಲ್ಲದೆ ನ್ಯಾನ್ (ಸಂಖ್ಯೆಯೇ ಅಲ್ಲ ಅನ್ನೋ ಗುರುತು) ಬರತ್ತೆ, ಇನ್‌ವ್ಯಾಲಿಡ್ ಫ್ಲಾಗ್ ಏಳತ್ತೆ. ಎಕ್ಸ್ ಇನ್ಫಿನಿಟಿ ಆದ್ರೂ ನ್ಯಾನೇ. ವೈ ಮಾತ್ರ ಇನ್ಫಿನಿಟಿ ಆದ್ರೆ ಎಕ್ಸ್ ಹಾಗೇ ವಾಪಸ್. ಫಾಸ್ಟ್ ಮ್ಯಾಥ್ ಫ್ಲಾಗ್ ಹಾಕಿ ಕಂಪೈಲ್ ಮಾಡೋ ಚಟ ಇದ್ರೆ ಆಮೇಲೆ ಬರೆದಿರೋ ನ್ಯಾನ್ ಚೆಕ್‌ಗಳನ್ನ ಕಂಪೈಲರ್ ಕಿತ್ತೆಸೆಯಬಹುದು, ಅದಕ್ಕೇ ವೈನ ಮೊದಲೇ ಚೆಕ್ ಮಾಡೋದು ವಾಸಿ. ವೈ ಸೊನ್ನೆ ಆದಾಗ ರೆಮ್‌ಕ್ವೋ ಆ ಪಾಯಿಂಟರ್‌ನಲ್ಲಿ ಏನು ಬಿಟ್ಟುಹೋಗತ್ತೆ ಅಂತ ಸ್ಟ್ಯಾಂಡರ್ಡ್ ಹೇಳೋದೇ ಇಲ್ಲ, ಶೇಷ ನ್ಯಾನ್ ಬಂತು ಅಂದ್ರೆ ಆ ಇಂಟ್‌ನ ಮುಟ್ಟಲೇಬೇಡಿ. ಉಳಿದ ಸಂದರ್ಭದಲ್ಲಿ ಕಾಲ್ ಆದ ತಕ್ಷಣ ಅದನ್ನ 7ರ ಜೊತೆ ಆಂಡ್ ಮಾಡಿಟ್ಕೊಂಡು, ಮುಂದಿನ ಕೋಡ್‌ಗೆ ಆ ಮೂರು ಬಿಟ್ ಮಾತ್ರ ಕಳಿಸಿ, ಜಿಲಿಬ್‌ಸಿ ಇರಲಿ ಮಸಲ್ ಇರಲಿ ಒಂದೇ ಉತ್ತರ ಬರತ್ತೆ.